ಕೇರಳದೆದುರು ಸೋತದ್ದು ಮೈದಾನದಲ್ಲಷ್ಟೇ ಅಲ್ಲ

ಬೆಂಗಳೂರು ಎಫ್‌ಸಿ ಬೇರೆ ಯಾವ ತಂಡದ ಎದುರು ಸೋತರೂ ರಾತ್ರಿ ಊಟ ಸೇರುತ್ತದೆ. ಕೇರಳ ಬ್ಲಾಸ್ಟರ್ಸ್ ಎದುರು ಸೋತರೆ ಮಾತ್ರ ಸೇರುವುದಿಲ್ಲ. ಫುಟ್‌ಬಾಲ್ ನೋಡುವ ಕನ್ನಡದ ಹುಡುಗರನ್ನು ಕೇಳಿ ನೋಡಿ, ಹತ್ತರಲ್ಲಿ ಎಂಟು ಜನ ಇದೇ ಮಾತು ಹೇಳುತ್ತಾರೆ. ಪಾಯಿಂಟ್ಸ್ ಪಟ್ಟಿಯಲ್ಲಿ ಎಲ್ಲ ಸೋಲಿಗೂ ಒಂದೇ ಬೆಲೆ, ಸೊನ್ನೆ. ಆದರೆ ಅಭಿಮಾನಿಯ ಎದೆಯೊಳಗಿನ ಪಟ್ಟಿಯೇ ಬೇರೆ.

2023ರ ಸೆಪ್ಟೆಂಬರ್ 21ರ ಕೊಚ್ಚಿಯ ಪಂದ್ಯವನ್ನೇ ತೆಗೆದುಕೊಳ್ಳಿ. ಅದು ಆ ಸಲದ ಐಎಸ್‌ಎಲ್‌ನ ಮೊದಲ ಪಂದ್ಯ. ಆರು ತಿಂಗಳ ಹಿಂದೆ, ಮಾರ್ಚ್ 3ರಂದು, ಕಂಠೀರವದಲ್ಲಿ ನಡೆದ ಪ್ಲೇಆಫ್‌ನ ಬಿಸಿ ಇನ್ನೂ ಆರಿರಲಿಲ್ಲ. ಅಂದು ಹೆಚ್ಚುವರಿ ಸಮಯದಲ್ಲಿ ಸಿಕ್ಕ ಫ್ರೀಕಿಕ್ಕನ್ನು ಸುನಿಲ್ ಚೆಟ್ರಿ, ಎದುರಾಳಿಗಳು ಗೋಡೆ ಕಟ್ಟಿ ನಿಲ್ಲುವ ಮೊದಲೇ ಒದ್ದು ಗೋಲು ಹೊಡೆದಿದ್ದರು. ರೆಫರಿ ಗೋಲು ಕೊಟ್ಟರು. ಕೇರಳದ ಕೋಚ್ ಇವಾನ್ ವುಕೊಮಾನೊವಿಚ್ ತಂಡವನ್ನು ಕರೆದುಕೊಂಡು ಮೈದಾನದಿಂದಲೇ ಹೊರನಡೆದರು. ಪಂದ್ಯ ನಮ್ಮದಾಯಿತು. ಬ್ಲಾಸ್ಟರ್ಸ್‌ಗೆ ಫೆಡರೇಷನ್ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ 10 ಪಂದ್ಯಗಳ ನಿಷೇಧ ವಿಧಿಸಿತು.

ಅದೇ ಬ್ಲಾಸ್ಟರ್ಸ್ ಸೆಪ್ಟೆಂಬರ್‌ನಲ್ಲಿ ನಮ್ಮನ್ನು 2–1ರಿಂದ ಸೋಲಿಸಿತು. ಕೋಚ್ ಇನ್ನೂ ನಿಷೇಧದಲ್ಲೇ ಇದ್ದರು. ಮೊದಲ ಗೋಲು ನಮ್ಮವರದೇ ಸ್ವಂತ ಗೋಲು. ಎರಡನೆಯದರಲ್ಲಿ ಗೋಲ್‌ಕೀಪರ್ ಕಾಲಿಂದ ತಪ್ಪಿದ ಚೆಂಡನ್ನು ಅಡ್ರಿಯಾನ್ ಲೂನಾ ಬಲೆಗೆ ದೂಡಿದರು. ಕೊನೆಯಲ್ಲಿ ಕರ್ಟಿಸ್ ಮೇನ್ ಒಂದು ಗೋಲು ಹೊಡೆದರೂ ಹೊತ್ತು ಮೀರಿತ್ತು.

ಇಂಥ ಸೋಲಾದ ತಕ್ಷಣ ನಮ್ಮ ಮೊಬೈಲ್‌ಗಳಲ್ಲಿ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಮಳೆ ಬಂದಿತ್ತು, ಅದೃಷ್ಟ ಕೈಕೊಟ್ಟಿತು, ರೆಫರಿ ಅವರ ಕಡೆ ಇದ್ದ. ಇದಾದ ಮೇಲೆ ಸ್ವಂತ ಗೋಲು ಹೊಡೆದ ಆಟಗಾರನ ಜಾತಕ. ಕೊನೆಗೆ ಮಲಯಾಳಿಗಳ ಮೇಲೆ ಮೀಮ್. ನಾವು ಹೀಗೆ ಮಾಡುವುದರಲ್ಲಿ ಆಶ್ಚರ್ಯವಿಲ್ಲ, ಮಾರ್ಚ್‌ನಲ್ಲಿ ಅವರೂ ಹೀಗೇ ಮಾಡಿದ್ದರು. ಆದರೆ ಒಂದು ವ್ಯತ್ಯಾಸ ಗಮನಿಸಿ. ಮೈದಾನ ಬಿಟ್ಟು ಹೋದದ್ದರಿಂದ ಅವರಿಗೆ ದಂಡ ಬಿಟ್ಟು ಬೇರೇನೂ ದಕ್ಕಲಿಲ್ಲ. ಮತ್ತೆ ಬಂದು ಆಡಿದ್ದರಿಂದ ಗೆಲುವು ದಕ್ಕಿತು. ಸಿಟ್ಟು ಎರಡೂ ಸಲ ಇತ್ತು, ಫಲ ಕೊಟ್ಟದ್ದು ಆಟ ಮಾತ್ರ.

ಈ ಜಿದ್ದು ಇಷ್ಟು ಉರಿಯುವುದೇಕೆ? ಅವರು ದೂರದವರಾಗಿದ್ದರೆ ಉರಿಯುತ್ತಿರಲಿಲ್ಲ. ಬೆಂಗಳೂರು ಎಫ್‌ಸಿ ಪರ ಆಡಿದ ಸಿ.ಕೆ. ವಿನೀತ್, ರಿನೋ ಆಂಟೊ ಇಬ್ಬರೂ ಕೇರಳದವರು, ಆಮೇಲೆ ಬ್ಲಾಸ್ಟರ್ಸ್ ಅಂಗಿಯನ್ನೂ ತೊಟ್ಟರು. ಮಲಪ್ಪುರಂನ ಆಶಿಕ್ ಕುರುಣಿಯನ್ ನಮ್ಮ ನೀಲಿ ಅಂಗಿಯಲ್ಲಿ ಆಡಿದರು. ಬ್ಲಾಸ್ಟರ್ಸ್ ಬಂದಾಗ ಕಂಠೀರವದ ಒಂದು ಭಾಗ ಹಳದಿಯಾಗುತ್ತದಲ್ಲ, ಅವರೆಲ್ಲ ಕೊಚ್ಚಿಯಿಂದ ರೈಲು ಹತ್ತಿ ಬಂದವರಲ್ಲ. ಬೆಂಗಳೂರಲ್ಲೇ ಓದುವ, ದುಡಿಯುವ ಮಲಯಾಳಿಗಳೇ ಹೆಚ್ಚು. ಅಂದರೆ ನಮ್ಮ ಎದುರಾಳಿ ಪಕ್ಕದ ಮನೆಯವನು. ಒಂದೇ ಓಣಿಯ ಜಗಳ ಯಾವಾಗಲೂ ಜೋರು.

ಆದರೆ ನನ್ನನ್ನು ಹೆಚ್ಚು ಕಾಡುವ ಸೋಲು ಕೊಚ್ಚಿಯದಲ್ಲ, ಮಂಜೇರಿಯದು. 2022ರ ಏಪ್ರಿಲ್ 28ರಂದು ಅಲ್ಲಿ ಸಂತೋಷ್ ಟ್ರೋಫಿ ಸೆಮಿಫೈನಲ್ ನಡೆಯಿತು. ಕರ್ನಾಟಕವೇ ಮೊದಲು ಗೋಲು ಹೊಡೆಯಿತು. ಅಲ್ಲಿಗೆ ಕೇರಳ ಜೆಸಿನ್ ಎಂಬ ಹುಡುಗನನ್ನು ಬದಲಿ ಆಟಗಾರನಾಗಿ ಇಳಿಸಿತು. ಬೆಂಚಿನಿಂದ ಎದ್ದು ಬಂದ ಆ ಹುಡುಗ ಒಬ್ಬನೇ ಐದು ಗೋಲು ಹೊಡೆದ! ಪಂದ್ಯ ಮುಗಿದಾಗ ಕೇರಳ 7, ಕರ್ನಾಟಕ 3. ಸ್ಟೇಡಿಯಂ ತುಂಬಿ ತುಳುಕುತ್ತಿತ್ತು.

ಐಎಸ್‌ಎಲ್‌ನ 2–1ಕ್ಕೆ ವಾರಗಟ್ಟಲೆ ಮುಖ ಊದಿಸಿಕೊಳ್ಳುವ ನಮ್ಮಲ್ಲಿ ಎಷ್ಟು ಜನರಿಗೆ ಈ 7–3 ಗೊತ್ತು? ಹೋಗಲಿ, ಆಮೇಲೆ ಆದದ್ದಾದರೂ ಗೊತ್ತೇ? ಮರು ವರ್ಷ ಭುವನೇಶ್ವರದಲ್ಲಿ ಕರ್ನಾಟಕ ಅದೇ ಕೇರಳವನ್ನು 1–0ಯಿಂದ ಸೋಲಿಸಿತು. ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ 54 ವರ್ಷಗಳ ನಂತರ ಟ್ರೋಫಿ ಎತ್ತಿತು. ಆ ದಿನ 2023ರ ಮಾರ್ಚ್ 4. ಚೆಟ್ರಿ ಫ್ರೀಕಿಕ್‌ನ ಮಾರನೇ ದಿನ! ಅಂದು ನಾವೆಲ್ಲ ಆ ಗೋಲು ಸರಿಯೋ ತಪ್ಪೋ ಎಂದು ಮಲಯಾಳಿಗಳ ಜೊತೆ ಜಗಳಕ್ಕೆ ಬಿದ್ದಿದ್ದೆವು. ಅರ್ಧ ಶತಮಾನಕ್ಕೊಮ್ಮೆ ಬಂದ ಗೆಲುವು ಪಕ್ಕದಲ್ಲೇ ಹಾದುಹೋಯಿತು.

ಇತಿಹಾಸ ಇನ್ನೂ ಖಾರವಾಗಿದೆ. ಮೈಸೂರು ಎಂಬ ಹೆಸರಿನಲ್ಲಿ ಆಡುತ್ತಿದ್ದ ನಮ್ಮ ರಾಜ್ಯ 1968–69ರ ಹೊತ್ತಿಗೇ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತ್ತು. ಆಗ ಕೇರಳದ ಖಾತೆಯಲ್ಲಿ ಒಂದೂ ಇರಲಿಲ್ಲ. ಅವರಿಗೆ ಮೊದಲನೆಯದು ಸಿಕ್ಕಿದ್ದು 1973ರಲ್ಲಿ. 2022ರ ಹೊತ್ತಿಗೆ ಅವರ ಲೆಕ್ಕ ಏಳಕ್ಕೇರಿತ್ತು, ನಮ್ಮದು ನಾಲ್ಕರಲ್ಲೇ ನಿಂತಿತ್ತು. ಇದು ಯಾವ ರೆಫರಿಯ ತಪ್ಪು? ಯಾವ ಮಳೆಯ ತಪ್ಪು?

ಅವರು ಮುಂದೆ ಹೋದದ್ದರಲ್ಲಿ ಗುಟ್ಟೇನಿಲ್ಲ. ಮಲಬಾರ್‌ನ ಹಳ್ಳಿಗಳಲ್ಲಿ ಮಳೆಗಾಲ ಮುಗಿದರೆ ಸೆವೆನ್ಸ್ ಶುರು. ಏಳೇಳು ಜನರ ತಂಡ, ಕೊಯ್ಲಾದ ಗದ್ದೆ ಅಥವಾ ಊರ ಮೈದಾನ, ಸುತ್ತ ಕಟ್ಟಿದ ತಾತ್ಕಾಲಿಕ ಗ್ಯಾಲರಿ, ಟಿಕೆಟ್ ಕೊಂಡು ಬರುವ ಜನ. ಆಫ್ರಿಕಾದ ಆಟಗಾರರೂ ಅಲ್ಲಿಗೆ ಬಂದು ಆಡುತ್ತಾರೆ. ಅಲ್ಲಿ ಅಭಿಮಾನಿ ಎಂದರೆ ಮೊದಲು ನೋಡಲು ಹೋಗುವವನು, ಆಮೇಲೆ ಮೀಮ್ ಹಾಕುವವನು. ನಮ್ಮಲ್ಲಿ ಈ ಸಾಲು ತಿರುಗುಮುರುಗಾಗಿದೆ. ಬೆಂಗಳೂರಿನಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್‌ನಂಥ ಗುಂಪಿನವರು ಗಂಟಲು ಹರಿಯುವಂತೆ ಕೂಗುತ್ತಾರೆ, ಸುಳ್ಳಲ್ಲ. ಆದರೆ ಆ ಕೂಗು ಕಂಠೀರವದ ಗೇಟು ದಾಟಿ ಜಿಲ್ಲೆಗಳಿಗೆ ಬಂದಿಲ್ಲ.

ನಮ್ಮ ಸಂಡೂರು ತಾಲ್ಲೂಕನ್ನೇ ನೋಡಿ. ತೋರಣಗಲ್ಲಿನ ವಿಜಯನಗರ ಟೌನ್‌ಶಿಪ್‌ನಲ್ಲಿ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾಯಿತು. ನೀರಜ್ ಚೋಪ್ರಾ ತಾಲೀಮು ಮಾಡಿದ ಜಾಗ. ಬೆಂಗಳೂರು ಎಫ್‌ಸಿ ಆಟಗಾರರು ಸೀಸನ್‌ಗೆ ಮೊದಲು ಇಲ್ಲಿ ಬೆವರು ಸುರಿಸಿದ್ದೂ ಇದೆ. ಆದರೆ ಅದೇ ತಾಲ್ಲೂಕಿನ ಬಂಡ್ರಿಯಂಥ ಊರುಗಳಲ್ಲಿ ಸಂಜೆಯಾದರೆ ಕಾಣುವುದು ಟೆನಿಸ್ ಬಾಲ್ ಕ್ರಿಕೆಟ್. ಕ್ರಿಕೆಟ್ ಮೇಲೆ ನನಗೆ ಮುನಿಸಿಲ್ಲ. ಆದರೆ ಚೆಟ್ರಿ ಹೆಸರಿನ ಜೆರ್ಸಿ ತೊಟ್ಟವನು ಕಾಲಿಂದ ಚೆಂಡನ್ನೇ ಒದೆಯದೆ ಕೇರಳದ ಮೇಲೆ ಸೇಡು ತೀರಿಸಿಕೊಳ್ಳುವ ಮಾತಾಡಿದರೆ ನಗು ಬರುತ್ತದೆ. ಫುಟ್‌ಬಾಲ್‌ಗೆ ಬೇಕಾದದ್ದು ಒಂದು ಚೆಂಡು ಮತ್ತು ನಾಲ್ಕು ಕಲ್ಲು. ಕಲ್ಲಿಗಂತೂ ನಮ್ಮ ಕಡೆ ಬರವಿಲ್ಲ.

ಈ ಪುಟ ಓದುವವರಲ್ಲಿ ಬಹಳ ಜನ ಪರೀಕ್ಷೆ, ಕಟಾಫ್, ಆಯ್ಕೆಪಟ್ಟಿಗಳ ನಡುವೆ ಇರುವವರು. ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾರೋ ಅಪರಿಚಿತ ಪಾಸಾದರೆ ನೋವಾಗುವುದಿಲ್ಲ. ಒಂದೇ ರೂಮಿನಲ್ಲಿದ್ದು, ಒಂದೇ ಲೈಬ್ರರಿಯಲ್ಲಿ ಕೂತು ಓದಿದ ಗೆಳೆಯನ ಹೆಸರು ಪಟ್ಟಿಯಲ್ಲಿದ್ದು ನಮ್ಮದಿಲ್ಲದಿದ್ದರೆ ಎದೆ ಹಿಂಡುತ್ತದೆ. ಆಗ ಎರಡು ದಾರಿ. ಅವನಿಗೆ ವಶೀಲಿ ಇತ್ತು ಎಂದು ಸುದ್ದಿ ಹಬ್ಬಿಸುವುದು ಒಂದು. ಅವನು ದಿನಕ್ಕೆ ಎಷ್ಟು ಹೊತ್ತು ಕೂರುತ್ತಿದ್ದ, ಹಳೆಯ ಪ್ರಶ್ನೆಪತ್ರಿಕೆಗಳನ್ನು ಹೇಗೆ ಬಿಡಿಸುತ್ತಿದ್ದ ಎಂದು ಕೇಳಿ ತಿಳಿಯುವುದು ಇನ್ನೊಂದು. ಕಟಾಫ್‌ಗೆ ಮುಖವಿಲ್ಲ, ಅದು ಏನನ್ನೂ ಕಲಿಸುವುದಿಲ್ಲ. ಎದುರಾಳಿಗೆ ಮುಖವಿದೆ, ಮಾತೂ ಇದೆ.

ಹಾಗಾದರೆ ಅನ್ಯಾಯವೇ ಆಗುವುದಿಲ್ಲವೇ? ಆಗುತ್ತದೆ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯಲ್ಲಿ ಅಕ್ರಮ ನಡೆದದ್ದು ಇಡೀ ರಾಜ್ಯ ಕಂಡ ಸತ್ಯ. ಅಲ್ಲಿ ಬಾಯಿ ಮುಚ್ಚಿಕೊಂಡಿರಬೇಕಿತ್ತು ಎಂದು ಯಾರೂ ಹೇಳಲಾರರು. ದೂರು ಕೊಡಬೇಕು, ಬೀದಿಗಿಳಿಯಬೇಕು, ಕೋರ್ಟಿಗೂ ಹೋಗಬೇಕು. ಆದರೆ 2024ರ ಜನವರಿ 23ರಂದು ಮರುಪರೀಕ್ಷೆ ನಡೆದಾಗ, ಸಿಟ್ಟಿನ ನಡುವೆಯೂ ಪುಸ್ತಕ ಬಿಡದೆ ಕೂತವರಿಗೇ ಅದು ಕೈಗೆಟುಕಿದ್ದು. ರೆಫರಿ ತಪ್ಪು ಮಾಡಿದ್ದರೆ ದೂರು ಬರೆಯಿರಿ, ಮೈದಾನ ಮಾತ್ರ ಬಿಡಬೇಡಿ.

ಕೊಚ್ಚಿಯ ಆ ಸೋಲಿನ ನಂತರ ಲೆಕ್ಕ ತಿರುಗಿದೆ. 2024ರ ಮಾರ್ಚ್‌ನಲ್ಲಿ ಕಂಠೀರವದಲ್ಲಿ 1–0, ಅಕ್ಟೋಬರ್‌ನಲ್ಲಿ ಕೊಚ್ಚಿಯಲ್ಲೇ 3–1, ಡಿಸೆಂಬರ್‌ನಲ್ಲಿ 4–2. ಕೊನೆಯದರಲ್ಲಿ 40 ವರ್ಷದ ಚೆಟ್ರಿಯ ಹ್ಯಾಟ್ರಿಕ್. ಮುಂದೆ ಮತ್ತೆ ಸೋಲುತ್ತೇವೆ, ಮತ್ತೆ ಗೆಲ್ಲುತ್ತೇವೆ, ಅದು ಆಟಗಾರರ ಕೆಲಸ. ಅಭಿಮಾನಿಗಳಾಗಿ ನಮ್ಮ ಕೆಲಸ ಬೇರೆಯೇ ಇದೆ. ಜಿಲ್ಲಾ ಮಟ್ಟದ ಒಂದು ಪಂದ್ಯವನ್ನಾದರೂ ಹೋಗಿ ನೋಡೋಣ. ಸಂತೋಷ್ ಟ್ರೋಫಿಯಲ್ಲಿ ನಮ್ಮ ಹುಡುಗರು ಯಾರು ಎಂದು ತಿಳಿದುಕೊಳ್ಳೋಣ. ಮುಂದಿನ ಸಲ ಕೇರಳ ಗೆದ್ದರೆ ಹಾಸ್ಟೆಲಿನ ಮಲಯಾಳಿ ಗೆಳೆಯನ ಕೈ ಕುಲುಕಿ, “ನಿಮ್ಮೂರಲ್ಲಿ ಸೆವೆನ್ಸ್ ಹೇಗೆ ನಡೆಸ್ತೀರೋ?” ಎಂದು ಕೇಳೋಣ. ಆ ರಾತ್ರಿ ಊಟ ಸೇರದಿದ್ದರೂ ಪರವಾಗಿಲ್ಲ, ಮಾರನೇ ಸಂಜೆ ಚೆಂಡು ಹಿಡಿದು ಹೊರಬಂದರೆ ಸಾಕು.