ಅತ್ತೆಗೆ ಕಾಣುತ್ತದೆಯೆ, ಇಲ್ಲವೆ?



ಕೆ.ಆರ್.ಎಸ್. ಕಡೆಯ ಗೃಹಿಣಿಯೊಬ್ಬರು ಬಲು ಬೇಸರದಿಂದ ಬರೆದಿದ್ದಾರೆ: "ನಮ್ಮತ್ತೆಗೆ ಎರಡೂ ಕಣ್ಣಿನ ಪೊರೆ ತೆಗೆಸಿ ಆಗಿದೆ. ಆದರೂ ಎದುರಿಗೆ ನಿಂತ ನನ್ನನ್ನೇ 'ಯಾರವ್ವಾ?' ಅಂತಾರೆ. ಅಕ್ಕಿ ಆರಿಸಿಕೊಡಿ ಅಂದರೆ ಕಾಣಲ್ಲವಂತೆ. ಮೂಲೆಯಲ್ಲಿ ಬೆಕ್ಕು ನುಸುಳಿದರೆ ಮಾತ್ರ ಮೊದಲು ಅವರಿಗೇ ಗೊತ್ತಾಗುತ್ತೆ! ಇದು ನಾಟಕ ಅಲ್ಲದೆ ಇನ್ನೇನು?"

ಹಾಗೆ ತೀರ್ಮಾನಿಸಬೇಡಿ ತಾಯಿ. ಕಣ್ಣಿನ ಹಿಂಭಾಗದಲ್ಲಿ ಅಕ್ಷಿಪಟಲವೆಂಬ ಪರದೆ ಇದೆ. ಮುಖ ಗುರುತಿಸಲು, ಅಕ್ಷರ ಓದಲು, ಸೂಜಿಗೆ ದಾರ ಪೋಣಿಸಲು ಬೇಕಾದದ್ದು ಅದರ ನಟ್ಟನಡುವಿನ ಚುಕ್ಕೆಯಷ್ಟು ಜಾಗ. ವಯಸ್ಸಾದಂತೆ ಕೆಲವರಿಗೆ ಅದು ಸವೆಯುತ್ತದೆ, ಸುತ್ತಲಿನ ಭಾಗ ಚೆನ್ನಾಗಿಯೇ ಇರುತ್ತದೆ. ಆಗ ಓರೆಯಲ್ಲಿ ಓಡಿದ ಬೆಕ್ಕು ಕಾಣುತ್ತದೆ, ಎದುರಿಗಿರುವ ಸೊಸೆಯ ಮುಖ ಮಸುಕು. ಪೊರೆ ತೆಗೆಸಿದರೂ ಇದು ಸರಿಹೋಗದು. ಬಾಗಿಲ ಚೌಕಟ್ಟು ಡೊಂಕಾಗಿ ಕಾಣುತ್ತದೆ ಎಂದರಂತೂ ತಡಮಾಡದೆ ತೋರಿಸಿ. ಇದರಲ್ಲಿ ಒಂದು ಬಗೆಗೆ ಈಗ ಚುಚ್ಚುಮದ್ದಿದೆ.

"ಕನ್ನಡಕದಿಂದ ಇನ್ನು ಪ್ರಯೋಜನವಿಲ್ಲ" ಎಂದು ಕೇಳಿದೊಡನೆ ನಾವು ಮುದುಕರನ್ನು ಮೂಲೆಗೆ ಕೂರಿಸಿಬಿಡುತ್ತೇವೆ. ಕುರುಡಿಗೂ ಮಂದದೃಷ್ಟಿಗೂ ವ್ಯತ್ಯಾಸವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಎರಡನ್ನೂ ಬೇರೆಬೇರೆಯಾಗಿಯೇ ಹೆಸರಿಸಿದೆ. ಉಳಿದಿರುವ ದೃಷ್ಟಿಗೆ ತಕ್ಕ ಭೂತಗನ್ನಡಿ ಉಂಟು. ಜಾತ್ರೆಯಲ್ಲಿ ಕಂಡ ದೊಡ್ಡ ಗಾಜನ್ನು ಕೊಂಡುತಂದು ಕೊಡಬೇಡಿ. ಗಾಜು ದೊಡ್ಡದಾದರೆ ಶಕ್ತಿ ಹೆಚ್ಚೆಂದಲ್ಲ; ಹೆಚ್ಚು ಪವರಿನದು ಸಾಮಾನ್ಯವಾಗಿ ಚಿಕ್ಕದೇ. ಹತ್ತು ಡಯಾಪ್ಟರಿನ ಗಾಜನ್ನು ಪುಟದಿಂದ 10 ಸೆಂಟಿಮೀಟರು ಮೇಲೆ ಹಿಡಿಯಬೇಕು. ಮುಖವನ್ನು ಗಾಜಿನ ಹತ್ತಿರ ತಂದಷ್ಟೂ ಒಮ್ಮೆಗೇ ಹೆಚ್ಚು ಅಕ್ಷರ ಕಾಣುತ್ತವೆ. ಕೈ ನಡುಗುವವರಿಗೆ ಕಾಲಿರುವ ಗಾಜು ಬರುತ್ತದೆ, ಪುಟದ ಮೇಲೇ ಇಟ್ಟು ಸರಿಸಬಹುದು. ಹತ್ತಿರ ಹಿಡಿದು ಓದಿದರೆ ಕಣ್ಣು ಕೆಡುತ್ತದೆಂದು ಗದರಿಸುತ್ತೇವಲ್ಲ, ಅದು ಬರಿಯ ಹೆದರಿಕೆ, ಕೆಡುವುದಿಲ್ಲ.

ಯಾವ ಪವರು ಎಂಬುದನ್ನು ಪರೀಕ್ಷೆ ಮಾಡಿಯೇ ಹೇಳಬೇಕು. ನಿಮಗೆ ಮೈಸೂರು ಹತ್ತಿರ, ಕೆ.ಆರ್. ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ "ಮಂದದೃಷ್ಟಿಗೆ ಸಾಧನ ಬೇಕು" ಎಂದೇ ಕೇಳಿ. ಬೆಂಗಳೂರಿನವರಿಗೆ ಮಿಂಟೋ ಇದ್ದೇ ಇದೆ.

ಮನೆಯಲ್ಲೂ ಕೆಲಸವುಂಟು. ಇಪ್ಪತ್ತರ ಕಣ್ಣಿನ ಪರದೆಗೆ ತಲುಪುವ ಬೆಳಕಿನಲ್ಲಿ ಅರುವತ್ತರ ಕಣ್ಣಿಗೆ ಸುಮಾರು ಮೂರನೇ ಒಂದು ಪಾಲು ಮಾತ್ರ ತಲುಪುತ್ತದೆ. ಅತ್ತೆ ಕೂರುವ ಜಾಗಕ್ಕೆ ಪಕ್ಕದಿಂದ ಬೀಳುವಂತೆ, ಕಣ್ಣಿಗೆ ಕುಕ್ಕದಂತೆ ಒಂದು ದೀಪ ಹಾಕಿಸಿ. ಮುದ್ದೆಯನ್ನು ಬಿಳಿಯ ಪಿಂಗಾಣಿ ತಟ್ಟೆಯಲ್ಲಿ ಬಡಿಸಿ. ಅನ್ನಕ್ಕೆ ಬಾಳೆಲೆಯೇ ಲೇಸು, ಸ್ಟೀಲಿನ ಹೊಳಪಿನಲ್ಲಿ ಬಿಳಿ ಅನ್ನ ಕಳೆದುಹೋಗುತ್ತದೆ. ಕೆಂಪು ಗಾರೆಯ ಮೆಟ್ಟಿಲಂಚಿಗೆ ಬಿಳಿ ಬಣ್ಣದ ಪಟ್ಟೆ ಎಳೆಯಿರಿ. ಮತ್ತೆ, ನಾಳೆ ಬೆಳಿಗ್ಗೆ ಕಾಫಿ ಕೊಡುವಾಗ "ಅತ್ತೆಮ್ಮ, ನಾನು" ಎಂದು ಮೊದಲು ಹೇಳಿ, ಆಮೇಲೆ ಲೋಟ ಕೈಗಿಡಿ.