ಸೋಡಿಯಂ ದಾನಶೂರ ಕರ್ಣ ಅಲ್ಲ

ಇವತ್ತಿನ ಸಂಚಿಕೆಯಲ್ಲಿ ಹೊಸ ಸಂಶೋಧನೆಯ ಸುದ್ದಿ ಇಲ್ಲ. ಹೈಸ್ಕೂಲಿನ ರಸಾಯನಶಾಸ್ತ್ರದಲ್ಲಿ ಬರೋ ಒಂದು ಹಳೇ ಪಾಠದ ಬಗ್ಗೆ ನಮ್ಮದೊಂದು ತಕರಾರು ಇದೆ. ಅದನ್ನೇ ನಿಮ್ಮ ಮುಂದೆ ಇಡ್ತೀವಿ.

ನೀವು ಧಾರವಾಡದಲ್ಲಿ ಓದಿರಿ, ನಿಮ್ಮ ಮಕ್ಕಳು ಲಂಡನ್ನಿನಲ್ಲೋ ದುಬೈಯಲ್ಲೋ ಓದ್ತಿರಲಿ, ರಾಸಾಯನಿಕ ಬಂಧದ ಪಾಠ ಶುರುವಾಗೋದು ಹೆಚ್ಚುಕಮ್ಮಿ ಒಂದೇ ಕಥೆಯಿಂದ. ಸೋಡಿಯಂನ ಕೊನೆಯ ಕಕ್ಷೆಯಲ್ಲಿ ಒಂದೇ ಎಲೆಕ್ಟ್ರಾನ್ ಇದೆ, ಕ್ಲೋರಿನ್ ಹತ್ತಿರ ಏಳಿದೆ. ಎಲ್ಲರಿಗೂ ಎಂಟು ಆಗಬೇಕು ಅನ್ನೋ ಆಸೆ. ಅದಕ್ಕೇ ಸೋಡಿಯಂ ತನ್ನದನ್ನು ಕೊಟ್ಟುಬಿಡತ್ತೆ, ಕ್ಲೋರಿನ್ ತಗೊಳ್ಳತ್ತೆ. ಇಬ್ಬರಿಗೂ ಸಮಾಧಾನ, ಉಪ್ಪು ರೆಡಿ.

ಈ ಕಥೆ ಎಲೆಕ್ಟ್ರಾನ್ ಎಣಿಸೋಕೆ ಚೆನ್ನಾಗಿದೆ. ಆದರೆ ಬಂಧ ಯಾಕೆ ಆಗತ್ತೆ ಅನ್ನೋ ಪ್ರಶ್ನೆಗೆ ಇದನ್ನೇ ಉತ್ತರ ಅಂತ ಕೊಡೋದನ್ನು ನಿಲ್ಲಿಸಬೇಕು ಅನ್ನೋದು ನಮ್ಮ ಅಭಿಪ್ರಾಯ.

ಕಾರಣ ಬೇಕಾದರೆ ಲೆಕ್ಕದ ಪುಸ್ತಕ ತೆಗೆಯೋಣ. ಅನಿಲ ರೂಪದಲ್ಲಿರುವ ಬಿಡಿ ಪರಮಾಣುಗಳನ್ನು ತಗೊಳ್ಳಿ. ಒಂದು ಮೋಲ್, ಅಂದರೆ ಸುಮಾರು 23 ಗ್ರಾಂ ಸೋಡಿಯಂನಿಂದ ಆ ಒಂದೊಂದು ಎಲೆಕ್ಟ್ರಾನನ್ನು ಕಿತ್ತು ತೆಗೆಯೋಕೆ ಸುಮಾರು 496 ಕಿಲೋಜೌಲ್ ಶಕ್ತಿ ಖರ್ಚಾಗತ್ತೆ. ಹೌದು, ಕಿತ್ತೇ ತೆಗೀಬೇಕು. ಸೋಡಿಯಂ ಏನೂ ದಾನಶೂರ ಕರ್ಣ ಅಲ್ಲ. ಆ ಎಲೆಕ್ಟ್ರಾನುಗಳು ಕ್ಲೋರಿನ್‌ಗೆ ಸೇರಿದಾಗ ವಾಪಸ್ ಸಿಗೋದು ಸುಮಾರು 349 ಕಿಲೋಜೌಲ್ ಮಾತ್ರ. ಅಂದರೆ ಈ ಕೊಡು-ಕೊಳ್ಳುವಿಕೆಯಲ್ಲಿ 147 ಕಿಲೋಜೌಲ್ ನಷ್ಟ! ಇಬ್ಬರಿಗೂ ಎಂಟೆಂಟು ಆಯ್ತು, ಆದರೂ ಖಾತೆಯಲ್ಲಿ ಸಾಲ.

ಹಾಗಾದರೆ ಉಪ್ಪು ಹೇಗೆ ಆಗತ್ತೆ? ಸಾಲ ತೀರಿಸೋದು ಧನ ಮತ್ತು ಋಣ ವಿದ್ಯುದಂಶಗಳ ನಡುವಿನ ಆಕರ್ಷಣೆ. ಎಲೆಕ್ಟ್ರಾನ್ ಕಳಕೊಂಡ ಸೋಡಿಯಂ ಧನ ಅಯಾನು, ಪಡಕೊಂಡ ಕ್ಲೋರಿನ್ ಋಣ ಅಯಾನು. ಈ ಅಯಾನುಗಳು ಹತ್ತಿರ ಬಂದು, ಸಾಲಾಗಿ ಜೋಡಿಸಿಕೊಂಡು ಸ್ಫಟಿಕ ಕಟ್ಟಿದಾಗ ಮೋಲ್ ಒಂದಕ್ಕೆ ಸುಮಾರು 787 ಕಿಲೋಜೌಲ್ ಹೊರಗೆ ಬರತ್ತೆ. ಸಾಲ ತೀರಿಸಿ 640 ಉಳಿಯತ್ತೆ. ಉಪ್ಪಿನ ಲಾಭ ಬಂದಿದ್ದು ಎಂಟು ಅನ್ನೋ ಸಂಖ್ಯೆಯಿಂದ ಅಲ್ಲ, ಈ ಜೋಡಣೆಯಿಂದ.

ಕಥೆ ಬಿಟ್ಟುಬಿಡೋ ಇನ್ನೊಂದು ವಿಷಯವೂ ಇಲ್ಲೇ ಇದೆ. ಕೊಟ್ಟವರು-ತಗೊಂಡವರು ಅಂದ ತಕ್ಷಣ ಮಗುವಿನ ತಲೆಯಲ್ಲಿ ಒಂದು ಸೋಡಿಯಂ, ಒಂದು ಕ್ಲೋರಿನ್ ಜೋಡಿ ಕೂತುಬಿಡತ್ತೆ. ಆದರೆ ಉಪ್ಪಿನ ಹರಳಲ್ಲಿ ಜೋಡಿಗಳೇ ಇಲ್ಲ. ಪ್ರತಿ ಸೋಡಿಯಂ ಅಯಾನಿನ ಪಕ್ಕದಲ್ಲಿ ಆರು ಕ್ಲೋರೈಡ್, ಪ್ರತಿ ಕ್ಲೋರೈಡಿನ ಪಕ್ಕದಲ್ಲಿ ಆರು ಸೋಡಿಯಂ. ಅಡುಗೆಮನೆಯಲ್ಲೇ ಇದರ ಪರಿಣಾಮ ನೋಡಬಹುದು. ಬಿಸಿ ಬಾಣಲೆಗೆ ಸಕ್ಕರೆ ಹಾಕಿದರೆ ಕರಗಿ ಕಂದು ಪಾಕ ಆಗತ್ತೆ. ಅದರ ಅಣುಗಳು ಬಿಡಿಬಿಡಿ, ಒಂದಕ್ಕೊಂದರ ಹಿಡಿತ ಸಡಿಲ. ಉಪ್ಪು ಹಾಕಿದರೆ ಹಾಗೇ ಕೂತಿರತ್ತೆ. ಅದು ಕರಗೋಕೆ 801 ಡಿಗ್ರಿ ಸೆಲ್ಸಿಯಸ್ ಬೇಕು, ಯಾಕೆಂದರೆ ಸುತ್ತಲಿನ ಎಲ್ಲರೂ ಹಿಡಕೊಂಡಿದ್ದಾರೆ.

ಎಂಟರ ಚಿತ್ರ ಬಂದಿದ್ದಾದರೂ ಎಲ್ಲಿಂದ? ಗಿಲ್ಬರ್ಟ್ ಲೂಯಿಸ್ 1902ರಲ್ಲಿ, ವಿದ್ಯಾರ್ಥಿಗಳಿಗೆ ಪಾಠ ಹೇಳುವಾಗ, ಘನಾಕೃತಿಯ ಎಂಟು ಮೂಲೆಯಲ್ಲಿ ಎಲೆಕ್ಟ್ರಾನ್ ಕೂರಿಸಿ ಗೀಚಿದ ಚಿತ್ರ ಅದು. 1916ರಲ್ಲಿ ಬರ್ಕ್‌ಲಿಯಿಂದ ತಮ್ಮ ಪ್ರಬಂಧ ಪ್ರಕಟಿಸಿದರು. ಅದಕ್ಕೆ ಅಷ್ಟಕ ಅನ್ನೋ ಹೆಸರು, ಪ್ರಚಾರ ಸಿಕ್ಕಿದ್ದು 1919ರಲ್ಲಿ ಅರ್ವಿಂಗ್ ಲ್ಯಾಂಗ್ಮುಯಿರ್ ಅವರಿಂದ. ಆದರೆ ಲೂಯಿಸ್ ದೃಷ್ಟಿಯಲ್ಲಿ ಎಂಟಕ್ಕಿಂತ ಮೂಲಭೂತವಾದದ್ದು ಎರಡು, ಅಂದರೆ ಎಲೆಕ್ಟ್ರಾನ್ ಜೋಡಿ. ಎಂಟಕ್ಕೆ ಒಗ್ಗದ ಅಣುಗಳೂ ಅವರಿಗೆ ಗೊತ್ತಿದ್ದವು. ನಮ್ಮ ರಕ್ತನಾಳಗಳನ್ನು ಸಡಿಲಿಸೋ ನೈಟ್ರಿಕ್ ಆಕ್ಸೈಡನ್ನೇ ನೋಡಿ: ಹೊರ ಕಕ್ಷೆಯ ಎಲೆಕ್ಟ್ರಾನುಗಳು ಒಟ್ಟು 11. ಬೆಸಸಂಖ್ಯೆಯನ್ನು ಎಂಟೆಂಟಾಗಿ ಹೇಗೆ ಹಂಚ್ತೀರಿ?

ಆಸೆಯ ಕಥೆ ನಂಬಿದರೆ ಏನು ಕಳಕೊಳ್ತೀವಿ ಅನ್ನೋದಕ್ಕೆ ಕೆನಡಾದ ಉದಾಹರಣೆಯೊಂದಿದೆ. ಜಡ ಅನಿಲಗಳಿಗೆ ಎಂಟು ಆಗಲೇ ಭರ್ತಿ, ಅವು ಯಾರ ಜೊತೆಗೂ ಸೇರಲ್ಲ ಅಂತ ದಶಕಗಟ್ಟಲೆ ಪಾಠ ಆಗ್ತಿತ್ತು. ವ್ಯಾಂಕೂವರಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ನೀಲ್ ಬಾರ್ಟ್ಲೆಟ್, ಪ್ಲಾಟಿನಂ ಹೆಕ್ಸಾಫ್ಲೋರೈಡ್ ಆಮ್ಲಜನಕದ ಅಣುವಿನಿಂದಲೇ ಎಲೆಕ್ಟ್ರಾನ್ ಕೀಳೋದನ್ನು ಕಂಡಿದ್ದರು. ಕ್ಸೆನಾನ್‌ನಿಂದ ಎಲೆಕ್ಟ್ರಾನ್ ಕೀಳೋಕೆ ಬೇಕಾದ ಶಕ್ತಿಯೂ ಹೆಚ್ಚುಕಮ್ಮಿ ಅಷ್ಟೇ. 1962ರಲ್ಲಿ ಎರಡೂ ಅನಿಲಗಳನ್ನು ಬೆರೆಸಿದರು. ಕಿತ್ತಳೆ-ಹಳದಿ ಬಣ್ಣದ ಘನವಸ್ತು ಕೈಗೆ ಬಂತು! ಕ್ಸೆನಾನ್‌ಗೆ ಆಸೆ ಇದೆಯಾ ಅಂತ ಅವರು ಕೇಳಲಿಲ್ಲ. ಎಷ್ಟು ಖರ್ಚಾಗತ್ತೆ ಅಂತ ಕೇಳಿದರು.

ಶಿಕ್ಷಕರು ಹೇಳೋದು ನಮಗೂ ಅರ್ಥ ಆಗತ್ತೆ. ಹದಿನೈದು ವರ್ಷದ ಮಕ್ಕಳಿಗೆ ಕ್ವಾಂಟಂ ಹೇಳೋಕಾಗತ್ತಾ? ಪರೀಕ್ಷೆಗೆ, ಅದರಲ್ಲೂ ಇಂಗಾಲದ ಸಂಯುಕ್ತಗಳಿಗೆ ಎಂಟರ ನಿಯಮ ಚೆನ್ನಾಗೇ ಕೆಲಸ ಮಾಡತ್ತಲ್ವಾ? ಮಾಡತ್ತೆ, ಒಪ್ತೀವಿ. ಅದನ್ನು ಪಠ್ಯದಿಂದ ಕಿತ್ತುಹಾಕಿ ಅಂತ ನಾವು ಹೇಳ್ತಿಲ್ಲ. ಕ್ರಮ ಬದಲಾಯಿಸಿ ಅಂತೀವಿ. ಮೊದಲು ಧನ-ಋಣದ ಆಕರ್ಷಣೆ, ಆಮೇಲೆ ಶಕ್ತಿಯ ಜಮಾ-ಖರ್ಚು, ಕೊನೆಗೆ ಎಣಿಸೋ ಉಪಾಯವಾಗಿ ಎಂಟು. ಮೇಲಿನ ಲೆಕ್ಕಕ್ಕೆ ಬೇಕಾಗಿದ್ದು ಬರೀ ಕೂಡೋದು, ಕಳೆಯೋದು. ಎಲೆಕ್ಟ್ರಾನ್ ಹಂಚಿಕೊಳ್ಳೋ ಬಂಧದಲ್ಲೂ ಎರಡು ನ್ಯೂಕ್ಲಿಯಸ್ಸುಗಳು ನಡುವಿನ ಎಲೆಕ್ಟ್ರಾನುಗಳನ್ನು ಸೆಳೀತವೆ ಅನ್ನೋದರಿಂದ ಶುರುಮಾಡಬಹುದು. ಅದರ ಆಳ ಕಾಲೇಜಿಗೆ ಇರಲಿ.

ಆಸೆಯ ಕಥೆ ಕೇಳಿದ ಮಗು ಉತ್ತರ ಸಿಕ್ಕಿತು ಅಂದುಕೊಂಡು ಪ್ರಶ್ನೆ ಕೇಳೋದನ್ನೇ ನಿಲ್ಲಿಸಿಬಿಡತ್ತೆ. ನಮ್ಮ ನಿಜವಾದ ಚಿಂತೆ ಅದು. ಹಾಗಾಗಿ ಅಪ್ಪ-ಅಮ್ಮಂದಿರಿಗೆ ಒಂದು ಮನವಿ. ನಿಮ್ಮ ಮಗಳೋ ಮಗನೋ ಈ ಪಾಠ ಓದ್ತಾ ಕೂತಾಗ ಒಂದೇ ಒಂದು ಪ್ರಶ್ನೆ ಕೇಳಿ, ಕನ್ನಡದಲ್ಲೇ ಕೇಳಿ: "ಶಕ್ತಿ ಎಲ್ಲಿ ಖರ್ಚಾಯ್ತು, ಎಲ್ಲಿಂದ ವಾಪಸ್ ಬಂತು?" ಅವರು ಏನು ಹೇಳಿದರು ಅಂತ ನಮಗೂ ಬರೆದು ತಿಳಿಸಿ. ಒಪ್ಪದ ಮೇಷ್ಟ್ರುಗಳಿದ್ದರೆ ಇನ್ನೂ ಸಂತೋಷ, ಅವರ ವಾದವನ್ನೂ ಇಲ್ಲೇ ಓದ್ತೀವಿ.