702 ಅಶ್ವಶಕ್ತಿಯ ಗಾಡಿ ಎಷ್ಟು ಹೊರುತ್ತದೆ?

ಅಮೆರಿಕದ ಮಾರುಕಟ್ಟೆಗೆ 2021ರ ಮಾದರಿಯಾಗಿ ಬಂದ ರ‍್ಯಾಮ್ 1500 ಟಿಆರ್‌ಎಕ್ಸ್ ಪಿಕಪ್ಪಿನ ಬಾನೆಟ್ ಕೆಳಗೆ ಸೂಪರ್‌ಚಾರ್ಜರ್ ಹೊತ್ತ 6.2 ಲೀಟರಿನ ವಿ8 ಎಂಜಿನ್ ಇತ್ತು. ಶಕ್ತಿ 702 ಎಚ್‌ಪಿ. ಅದೇ ವರ್ಷದ ಫೋರ್ಡ್ ಎಫ್-150ರಲ್ಲಿ ಸಿಗುತ್ತಿದ್ದ, ಟರ್ಬೊ ಇರುವ ಇಕೋಬೂಸ್ಟ್ ವಿ6 ಎಂಜಿನ್ನಿನ ಗಾತ್ರ ಬರೀ 3.5 ಲೀಟರ್, ಶಕ್ತಿ 400 ಎಚ್‌ಪಿ. ಈ ಎರಡರಲ್ಲಿ ಹೆಚ್ಚು ಭಾರದ ಟ್ರೈಲರ್ ಎಳೆಯುವುದು ಯಾವುದು? ಎಳೆಯುವ ಕೆಲಸಕ್ಕೆಂದೇ ಸಜ್ಜುಗೊಳಿಸಿದ ಎಫ್-150ಕ್ಕೆ ಕಂಪನಿ ಕೊಟ್ಟ ಗರಿಷ್ಠ ಮಿತಿ ಸುಮಾರು 6,350 ಕೆ.ಜಿ. ಟಿಆರ್‌ಎಕ್ಸ್‌ನ ಮಿತಿ ಸುಮಾರು 3,670 ಕೆ.ಜಿ.

ಇದು ಎಂಜಿನ್ನಿನ ಸೋಲಲ್ಲ. ಟಿಆರ್‌ಎಕ್ಸ್ ಮರಳ ದಿಬ್ಬಗಳ ಮೇಲೆ ನಾಗಾಲೋಟದಲ್ಲಿ ಓಡಿಸಲೆಂದು ಕಟ್ಟಿದ ಗಾಡಿ. 35 ಇಂಚಿನ ಟೈರು, ಚಕ್ರಗಳು 13 ಇಂಚಿನಷ್ಟು ಮೇಲೆ ಕೆಳಗೆ ಆಡಲು ಬಿಡುವ ಸಸ್ಪೆನ್ಶನ್, ಜಿಗಿದು ಇಳಿದಾಗ ಪೆಟ್ಟನ್ನು ನುಂಗುವ ಮೆತ್ತನೆಯ ಸ್ಪ್ರಿಂಗು. ಅದೇ ಸ್ಪ್ರಿಂಗು ಹೊರೆ ಹೇರಿದಾಗ ಕುಸಿಯುತ್ತದೆ. ಜನ, ಸಾಮಾನು ಎಲ್ಲ ಸೇರಿ ಇದು ಹೊರಬಹುದಾದದ್ದು ಹೆಚ್ಚೆಂದರೆ 594 ಕೆ.ಜಿ. ಎಂಬತ್ತು ಕಿಲೋ ತೂಗುವ ಐದು ಮಂದಿ ಹತ್ತಿ ಕುಳಿತರೆ ಅದರಲ್ಲಿ ಮೂರನೇ ಎರಡು ಪಾಲು ಮುಗಿಯಿತು. ಹಿಂದಿನ ತೊಟ್ಟಿಗೆ ಉಳಿಯುವುದು ಸುಮಾರು ನಾಲ್ಕು ಮೂಟೆ ಸಿಮೆಂಟಿನ ಭಾರ, ಅಷ್ಟೇ.

ಇಂಥ ಮೋಜಿನ ಪಿಕಪ್ಪುಗಳ ಪೈಪೋಟಿಯಲ್ಲಿ ಮೊದಲ ಹೆಜ್ಜೆ ಫೋರ್ಡ್‌ನದು. 2010ರ ಮಾದರಿಯಾಗಿ ಬಂದ ರ‍್ಯಾಪ್ಟರ್ 310 ಎಚ್‌ಪಿಯಿಂದ ಶುರುವಾಗಿ, 6.2 ಲೀಟರಿನ ವಿ8 ಬಂದಾಗ 411ಕ್ಕೆ ಏರಿತು. 2017ರಲ್ಲಿ ವಿ8 ಬಿಟ್ಟು ಎರಡು ಟರ್ಬೊ ಇರುವ ವಿ6 ತಂದರು, ಅದು 450 ಎಚ್‌ಪಿ ಕೊಟ್ಟಿತು. ರ‍್ಯಾಮ್ ತನ್ನ ಗಾಡಿಗೆ ಟಿ-ರೆಕ್ಸ್ ಡೈನೊಸಾರನ್ನು ನೆನಪಿಸುವ ಹೆಸರಿಟ್ಟದ್ದೇ ರ‍್ಯಾಪ್ಟರನ್ನು ಕೆಣಕಲು. ಫೋರ್ಡ್ ಮಸ್ಟಾಂಗ್ ಶೆಲ್ಬಿ ಜಿಟಿ500 ಕಾರಿನ 5.2 ಲೀಟರ್ ವಿ8 ಎಂಜಿನ್ನನ್ನೇ ಹದಮಾಡಿ 2023ರ ರ‍್ಯಾಪ್ಟರ್ ಆರ್‌ಗೆ ಕೂರಿಸಿ 700 ಎಚ್‌ಪಿ ಎಂದಿತು. ಎದುರಾಳಿಗಿಂತ ಎರಡು ಕಡಿಮೆ. ಮರುವರ್ಷವೇ ಅದು 720 ಆಯಿತು! ಎರಡೂ ಗಾಡಿಗಳು ಅಮೆರಿಕ ಸರ್ಕಾರದ ಅಳತೆಯಲ್ಲಿ ಲೀಟರಿಗೆ ಸುಮಾರು ಐದು ಕಿ.ಮೀ. ಓಡುತ್ತವೆ.

ಇಂಥ ಗಾಡಿಗಳಿಗೆ ಹಾದಿ ಮಾಡಿಕೊಟ್ಟದ್ದರಲ್ಲಿ ಕಾನೂನಿನ ಪಾಲೂ ಇದೆ. 1978ರಲ್ಲಿ ಡಾಡ್ಜ್ ಕಂಪನಿ ಲಿಲ್ ರೆಡ್ ಎಕ್ಸ್‌ಪ್ರೆಸ್ ಎಂಬ ಕೆಂಪು ಪಿಕಪ್ ತಂದಿತು. ಆರು ಸಾವಿರ ಪೌಂಡಿಗಿಂತ ಹೆಚ್ಚಿನ ಒಟ್ಟು ತೂಕದ ಟ್ರಕ್ಕುಗಳಿಗೆ ಆಗ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಿರಲಿಲ್ಲ. ಮಾಲಿನ್ಯದ ಆ ಲಗಾಮು ಇಲ್ಲದ್ದರಿಂದ ಅದು ಆ ಕಾಲದ ಸ್ಪೋರ್ಟ್ಸ್ ಕಾರುಗಳನ್ನೇ ಹಿಂದೆ ಹಾಕಿತು. ಹೆಚ್ಚು ಪೆಟ್ರೋಲ್ ಕುಡಿಯುವ ಕಾರುಗಳ ಮೇಲೆ ತೆರಿಗೆ ಹೇರುವ ಕಾಯ್ದೆಯೂ ಅದೇ ವರ್ಷದ್ದು. ಪಿಕಪ್ಪುಗಳು ಇಂದಿಗೂ ಅದರ ಹೊರಗಿವೆ. ಹಾಗಾಗಿ ಹೆಲ್‌ಕ್ಯಾಟ್ ಎಂಜಿನ್ನಿನ ಡಾಡ್ಜ್ ಚಾಲೆಂಜರ್ ಕಾರು ಕೊಂಡವರು ಆ ತೆರಿಗೆ ಕಟ್ಟಿದರು. ಅದೇ ಕುಟುಂಬದ ಎಂಜಿನ್ ಇದ್ದ, ಇನ್ನೂ ಭಾರದ ಟಿಆರ್‌ಎಕ್ಸ್ ಕೊಂಡವರು ಕಟ್ಟಲಿಲ್ಲ. ಇದು ಅನ್ಯಾಯ. ಸರಕು ಹೊರುವ ರೈತನಿಗೆ, ಗುತ್ತಿಗೆದಾರನಿಗೆ ಸಿಗಬೇಕಾದ ವಿನಾಯಿತಿ ಮೋಜಿನ ಗಾಡಿಗೆ ಸಿಗಬಾರದು.

ಎಚ್‌ಪಿ ಒಂದೇ ಸಾಲದು ಎಂದಾದರೆ ಎಂಜಿನ್ನುಗಳನ್ನು ಹೋಲಿಸುವುದು ಹೇಗೆ? ಎಫ್-150ರಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. 2021ರ ಮಾದರಿಯಲ್ಲಿ 5 ಲೀಟರಿನ ವಿ8 ಮತ್ತು 3.5 ಲೀಟರಿನ ಇಕೋಬೂಸ್ಟ್, ಎರಡರದ್ದೂ 400 ಎಚ್‌ಪಿ. ಆದರೆ ವಿ8ರ ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು 556 ನ್ಯೂಟನ್ ಮೀಟರ್, ಅದೂ ಎಂಜಿನ್ ನಿಮಿಷಕ್ಕೆ 4,250 ಸುತ್ತು ತಿರುಗುವಾಗ. ಟರ್ಬೊ ವಿ6 ಬರೀ 3,100 ಸುತ್ತಿಗೇ 678 ನ್ಯೂಟನ್ ಮೀಟರ್ ಕೊಡುತ್ತದೆ. ಹೊರೆ ಹೊತ್ತು ಘಾಟಿ ಏರುವ ಲಾರಿ ಚಾಲಕರಿಗೆ ಇದರ ಬೆಲೆ ಗೊತ್ತು. ಎಂಜಿನ್ ಕಿರುಚದೆ, ಮತ್ತೆ ಮತ್ತೆ ಗೇರ್ ಇಳಿಸದೆ ಗಾಡಿ ಮುಂದೆ ಹೋಗುತ್ತದೆ.

ಎತ್ತರದಲ್ಲಿ ಈ ಅಂತರ ಇನ್ನೂ ಹಿಗ್ಗುತ್ತದೆ. ಕೊಲರಾಡೊದಲ್ಲಿ ಐ-70 ಹೆದ್ದಾರಿ ಐಸೆನ್‌ಹೋವರ್ ಸುರಂಗದ ಬಳಿ ಸಮುದ್ರ ಮಟ್ಟದಿಂದ 11,000 ಅಡಿ ದಾಟುತ್ತದೆ. ಸಾವಿರ ಅಡಿ ಏರಿದಂತೆ, ತಾನೇ ಗಾಳಿ ಎಳೆದುಕೊಳ್ಳುವ ಎಂಜಿನ್ನಿನ ಶಕ್ತಿ ಸುಮಾರು ಶೇ 3ರಷ್ಟು ಇಳಿಯುತ್ತದೆ. ಸುರಂಗ ತಲುಪುವ ಹೊತ್ತಿಗೆ ವಿ8 ತನ್ನ ಮೂರನೇ ಒಂದು ಪಾಲನ್ನು ಕಳೆದುಕೊಂಡಿರುತ್ತದೆ. ಹೊರಹೋಗುವ ಬಿಸಿ ಹೊಗೆಯಿಂದ ತಿರುಗುವ ಟರ್ಬೊ ಮಾತ್ರ ತೆಳು ಗಾಳಿಯನ್ನೂ ಒತ್ತಿ ಒಳಗೆ ತುಂಬುತ್ತದೆ, ನಷ್ಟದ ಬಹುಭಾಗವನ್ನು ತುಂಬಿಕೊಡುತ್ತದೆ. ಅಮೆರಿಕದ ಟ್ರಕ್ ವಿಮರ್ಶಕರು ಟ್ರೈಲರ್ ಕಟ್ಟಿ ಈ ಏರಿನಲ್ಲೇ ಪರೀಕ್ಷೆ ಮಾಡುವುದಕ್ಕೆ ಇದೂ ಒಂದು ಕಾರಣ. ಭಾರ ಎಳೆಯುವಾಗ ಟರ್ಬೊ ಎಂಜಿನ್ ಪೆಟ್ರೋಲನ್ನು ಧಾರಾಳವಾಗಿ ಕುಡಿಯುತ್ತದೆ ಎಂಬುದೂ ನಿಜ. ಉಳಿತಾಯ ಸಿಗುವುದು ಖಾಲಿ ಓಡುವಾಗ.

ವಿ8 ಗಟ್ಟಿ, ಟರ್ಬೊ ನಾಜೂಕು ಎಂಬ ನಂಬಿಕೆ ಬಹಳ ಜನರಿಗಿದೆ. ಆದರೆ ಜನರಲ್ ಮೋಟರ್ಸ್ 2025ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಸುಮಾರು ಆರು ಲಕ್ಷ ಗಾಡಿಗಳನ್ನು ವಾಪಸ್ ಕರೆಸಿಕೊಂಡಿತು. ದೋಷವಿದ್ದದ್ದು 6.2 ಲೀಟರಿನ, ಟರ್ಬೊ ಇಲ್ಲದ ವಿ8ರ ಕ್ರ್ಯಾಂಕ್‌ಶಾಫ್ಟ್ ಮತ್ತು ಕನೆಕ್ಟಿಂಗ್ ರಾಡ್‌ಗಳಲ್ಲಿ. ಅದರ ಹಿಂದಿನ ವರ್ಷ ಟೊಯೊಟ ಸುಮಾರು ಒಂದು ಲಕ್ಷ ಗಾಡಿಗಳನ್ನು ಕರೆಸಿಕೊಂಡಾಗ, ಟುಂಡ್ರಾ ಪಿಕಪ್ಪಿನ ಟರ್ಬೊ ವಿ6ರೊಳಗೆ ತಯಾರಿಕೆಯ ಲೋಹದ ಚೂರುಗಳು ಉಳಿದಿದ್ದವು. ಎರಡೂ ಕಡೆ ತಪ್ಪಿದ್ದು ಕಾರ್ಖಾನೆಯ ಕೆಲಸ, ಸಿಲಿಂಡರಿನ ಲೆಕ್ಕವಲ್ಲ.

ಟಿಆರ್‌ಎಕ್ಸ್‌ನ ಜಾಗಕ್ಕೆ 2025ರ ಮಾದರಿಯಾಗಿ ಬಂದ ರ‍್ಯಾಮ್ ಆರ್‌ಎಚ್‌ಒದಲ್ಲಿ ಇರುವುದು 3 ಲೀಟರಿನ, ಎರಡು ಟರ್ಬೊಗಳ ಆರು ಸಿಲಿಂಡರ್ ಎಂಜಿನ್. 540 ಎಚ್‌ಪಿ. ನಿಂತಲ್ಲಿಂದ ಗಂಟೆಗೆ 96 ಕಿ.ಮೀ. ವೇಗ ಮುಟ್ಟಲು ಕಂಪನಿ ಹೇಳುವ ಸಮಯ 4.6 ಸೆಕೆಂಡ್, ಟಿಆರ್‌ಎಕ್ಸ್‌ಗೆ 4.5 ಬೇಕಿತ್ತು. ಹೊರುವ ಮಿತಿ 689 ಕೆ.ಜಿ.ಗೆ ಏರಿದೆ, ಎಳೆಯುವ ಮಿತಿಯೂ ಕೊಂಚ ಹೆಚ್ಚಿದೆ. ವಿ8ರ ಗುಡುಗು ಇಲ್ಲ ಎಂಬ ಕೊರಗು ಅಭಿಮಾನಿಗಳದ್ದು, ಅದು ಅರ್ಥವಾಗುವಂಥದ್ದೇ. ಆದರೂ ಮೋಜಿನ ಗಾಡಿಯೇ ಬೇಕೆಂದರೆ ಟಿಆರ್‌ಎಕ್ಸ್, ರ‍್ಯಾಪ್ಟರ್ ಆರ್, ಆರ್‌ಎಚ್‌ಒ ಈ ಮೂರರಲ್ಲಿ ಕೊನೆಯದೇ ವಾಸಿ. ದುಡಿಯುವವರಿಗೆ ಇಕೋಬೂಸ್ಟ್‌ನಂಥ ಟರ್ಬೊ ಎಂಜಿನ್ನಿನ ಸಾದಾ ಪಿಕಪ್ ಸಾಕು.

ಟೆಕ್ಸಸ್‌ನಲ್ಲೋ ಮಿಶಿಗನ್‌ನಲ್ಲೋ ನೆಲೆಸಿರುವ ಕನ್ನಡಿಗರು ಇಂಥ ಗಾಡಿ ಕೊಳ್ಳಲು ಹೊರಟಿದ್ದರೆ, ಕ್ಯಾಟಲಾಗಿನ ಎಚ್‌ಪಿ ನೋಡುವ ಮೊದಲು ಚಾಲಕನ ಬಾಗಿಲು ತೆರೆದು ಕಂಬದ ಮೇಲೆ ಅಂಟಿಸಿದ ಚೀಟಿಯನ್ನು ಓದಿ. ಆ ಗಾಡಿ ಎಷ್ಟು ಕಿಲೋ ಹೊರಬಲ್ಲದು ಎಂಬುದನ್ನು ಅಲ್ಲಿ ಅಚ್ಚು ಹಾಕಿರುತ್ತಾರೆ.